ಹಿಂದಿನ ಸೀಟಿನ ಚೋಕು

ನಮ್ಮ ಚಿಕ್ಕಪ್ಪನ ಸ್ಕೂಟರ್ ಕದಿಯಬೇಕೆಂದರೆ ಕಳ್ಳ ಹೆಂಡತಿ ಸಮೇತ ಬರಬೇಕಾಗಿತ್ತು! ಮುಂದೊಬ್ಬರು, ಹಿಂದೊಬ್ಬರು ಕೂರದಿದ್ದರೆ ಅದು ಸ್ಟಾರ್ಟೇ ಆಗುತ್ತಿರಲಿಲ್ಲ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ತೊಂಬತ್ತರ ದಶಕದಲ್ಲಿ ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು, ನನಗಿಂತ ಜೋರಾಗಿ ನಗುತ್ತ.

ಚಿಕ್ಕಪ್ಪನಿಗೆ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು, ಜೊತೆಗೊಂದು ಹುಚ್ಚೂ ಇತ್ತು. ತಾನಾಗಿ ಕೆಲಸ ಮಾಡುವ ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಮನೆಗೆ ಫ್ರಿಜ್ ಬಂದ ದಿನ ಅದರ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನನ್ನನ್ನು ಕೇಳಿದರು: "ಬಾಗ್ಲು ಹಾಕಿದ್ಮೇಲೆ ಒಳಗಡೆ ಲೈಟು ತಾನೇ ಆರುತ್ತೆ ಅಂತೀಯಲ್ಲ, ನೀನೇನು ಒಳಗೆ ಕೂತ್ಕೊಂಡು ನೋಡಿದ್ಯೇನೋ?" ನಾನು ನೆಲಮಂಗಲದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆದರೂ ಫ್ರಿಜ್ಜಿನೊಳಗೆ ಕೂತ ಅನುಭವ ನನಗೆಲ್ಲಿಂದ ಬರಬೇಕು? ಮುಂದಿನ ಭಾನುವಾರ ಹೋಗುವಷ್ಟರಲ್ಲಿ ಆ ಲೈಟಿಗೆ ಹೊರಗೊಂದು ಸ್ವಿಚ್ಚು ಬಂದಿತ್ತು. ಅದನ್ನು ಹಾಕಲು ಮರೆತ ಚಿಕ್ಕಮ್ಮ ಮಜ್ಜಿಗೆಯೆಂದು ನನ್ನ ಎಲೆಗೆ ದೋಸೆಹಿಟ್ಟು ಬಡಿಸಿದ್ದೂ ಉಂಟು!

ಆ ಚಿಕ್ಕಮ್ಮನಿಗೇ ಒಂದು ದಿನ ಬಲಗೈಗೆ ಲಕ್ವ ಹೊಡೆಯಿತು. ಮಗ್ಗದಲ್ಲಿ ಕಡಿದ ರೇಷ್ಮೆ ಎಳೆಗೆ ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದ ಬೆರಳುಗಳು ಅವು. ಈಗ ಒಂದು ಚಮಚವನ್ನೂ ಎತ್ತುತ್ತಿರಲಿಲ್ಲ. ಬೆರಳುಗಳಿಗೆ ಕೆಲಸ ಕೊಟ್ಟರೆ ಶಕ್ತಿ ಬರುತ್ತದೆ, ಸುಮ್ಮನೆ ಬಿಟ್ಟರೆ ಹೀಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಲು ಹೇಳಿದರು. ಚಿಕ್ಕಮ್ಮ ಅದನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟು, "ನನ್ನ ಪಾಡಿಗೆ ನನ್ನ ಬಿಟ್ಬಿಡಿ" ಎಂದು ಗೋಡೆಯ ಕಡೆ ತಿರುಗಿ ಕೂತರು. ಹೊಸಿಲು ದಾಟುವುದನ್ನೂ ನಿಲ್ಲಿಸಿದರು.

ಮನೆಯಲ್ಲಿ ಹೀಗಿರುವಾಗ ಈ ಪುಣ್ಯಾತ್ಮರು ಏನು ಮಾಡಿದರು? ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿಕೊಂಡು ಕೂತರು!

ಅದು ಗೇರಿಲ್ಲದ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಸ್ಕೂಟರ್. ತಣ್ಣಗಿರುವ ಎಂಜಿನ್‌ಗೆ ಮೊದಮೊದಲು ಪೆಟ್ರೋಲ್ ಸ್ವಲ್ಪ ಹೆಚ್ಚು ಬೇಕು. ಅದನ್ನು ಕೊಡುವುದು ಚೋಕು. ಅದರಲ್ಲಿದ್ದದ್ದು ಕರೆಂಟಿನ ಚೋಕು, ಎಂಜಿನ್ ಬಿಸಿಯಾದಂತೆ ತಾನಾಗಿ ಮುಚ್ಚಿಕೊಳ್ಳುವಂಥದ್ದು. 'ತಾನಾಗಿ' ಎಂಬ ಮಾತು ಕಿವಿಗೆ ಬಿದ್ದರೆ ಸಾಕಲ್ಲ! "ಕೆಟ್ಟೋಗಿದೆ" ಎಂದು ಅದನ್ನು ಕಿತ್ತು, ಮೆಕ್ಯಾನಿಕ್ ಸಾಬರನ್ನು ಕೂರಿಸಿಕೊಂಡು, ಹಳೇ ಮೊಪೆಡ್ಡಿನ ಕೇಬಲ್ಲು, ಒಂದು ಸ್ಪ್ರಿಂಗು, ಮರದ ಒಂದು ಪುಟ್ಟ ಹಿಡಿ ಸೇರಿಸಿ ಕೈಯಲ್ಲಿ ಎಳೆಯುವ ಚೋಕು ಮಾಡಿಬಿಟ್ಟರು. ಆ ಹಿಡಿ ಎಲ್ಲಿತ್ತು ಅಂತೀರಿ? ಹಿಂದಿನ ಸೀಟಿನ ಕೆಳಗೆ! ಎಂಜಿನ್ ಬಿಸಿಯಾಗುವ ತನಕ ಅದನ್ನು ಎಳೆದು ಹಿಡಿದಿರಬೇಕು, ಆಮೇಲೆ ನಿಧಾನವಾಗಿ ಬಿಡುತ್ತ ಬರಬೇಕು. ಫಕ್ಕನೆ ಬಿಟ್ಟರೆ ಎಂಜಿನ್ ಸತ್ತಿತು.

"ಮುಂದೆ ಹಾಕ್ಬಾರ್ದಿತ್ತಾ ಚಿಕ್ಕಪ್ಪಾ?"

"ಕೇಬಲ್ಲು ಎಟುಕಲ್ಲ ಕಣಯ್ಯಾ. ಅಲ್ದೆ ಎರಡು ಕೈಲೂ ಬ್ರೇಕು ಹಿಡ್ಕೊಂಡಿರ್ತೀನಿ. ನಂಗೇನು ಮೂರನೇ ಕೈ ಇದ್ಯಾ?"

ಮೂರನೇ ಕೈ ಯಾರದೆಂದು ಬೇರೆ ಹೇಳಬೇಕೆ? ಚಿಕ್ಕಮ್ಮ ಮೊದಲು ಬರಲೊಪ್ಪಲಿಲ್ಲ. ಎರಡು ದಿನ ಚಿಕ್ಕಪ್ಪ ನೂಲಿನ ಮೂಟೆಯನ್ನು ತಲೆಯ ಮೇಲೆ ಹೊತ್ತು ತಂದರು. ಮೂರನೆಯ ದಿನ ಚಿಕ್ಕಮ್ಮ ಹೊಸಿಲು ದಾಟಿದರು. ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕೂತು, ಎಡಗೈಯಿಂದ ಹಿಡಿ ಎಳೆದರು. ಎದುರು ಮನೆಯ ಜಗುಲಿಯಿಂದ ಯಾರೋ, "ಏನಣ್ಣಾ, ಜೋಡಿ ಹೊರಟಿದೆ, ವಾಲಗ ಎಲ್ಲಿ?" ಎಂದು ಕೂಗಿದರು.

ಮುಂದಿನ ಭಾನುವಾರ ನೋಡುತ್ತೇನೆ, ಹಿಡಿ ಒಂದು ಮೊಳ ಮುಂದಕ್ಕೆ ಬಂದಿದೆ. ಹಾಗೆ ಕೂತವರ ಬಲಗೈಗೆ ಮಾತ್ರ ಎಟುಕಬೇಕು, ಎಡಗೈಗೆ ಜಪ್ಪಯ್ಯ ಅಂದರೂ ಎಟುಕದು.

"ಕೇಬಲ್ಲು ಮುಂದಕ್ಕೆ ಬರಲ್ಲ ಅಂದಿದ್ರಿ?"

"ಬಿಸಿಲಿಗೆ ಉದ್ದ ಆಯ್ತು. ಕಬ್ಬಿಣ ಕಾದ್ರೆ ಹಿಗ್ಗುತ್ತೆ ಅಂತ ಮಕ್ಕಳಿಗೆ ಪಾಠ ಮಾಡೋನು ನೀನೇ ತಾನೆ?"

ನನ್ನ ಪಾಠವನ್ನು ನನಗೇ ತಿರುಗಿಸಿದರು! ಅವರು ಹೊರಡುವುದನ್ನು ನೋಡುತ್ತ ನಿಂತೆ. ಚಿಕ್ಕಮ್ಮನ ಬೆರಳು ಜಾರುತ್ತಿತ್ತು, ಎಂಜಿನ್ ನಿಲ್ಲುತ್ತಿತ್ತು. ಮಗ್ಗದಲ್ಲಿ ಒಂದು ಎಳೆ ಕಡಿದರೆ ಬೀದಿಗೆಲ್ಲ ಕೇಳುವಂತೆ ಬಯ್ಯುವ ಮನುಷ್ಯ, "ಇನ್ನೊಂದ್ಸಲ ಎಳಿ. ಅರ್ಜೆಂಟೇನಿಲ್ಲ" ಎನ್ನುತ್ತಿದ್ದರು.

ಹೊರಟ ಮೇಲೆ ಚಿಕ್ಕಮ್ಮ ಇಳಿಯುವಂತಿರಲಿಲ್ಲ. ವಾಪಸು ಬರುವಾಗ ಸ್ಟಾರ್ಟ್ ಮಾಡುವವರು ಯಾರು? ಬಿಸಿ ಎಂಜಿನ್‌ಗೆ ಚೋಕು ಬೇಡವೆಂದು ಹೇಳುವ ಧೈರ್ಯ ಯಾರಿಗಿತ್ತು? ಹೀಗಾಗಿ ನೂಲಿನಂಗಡಿಗೂ ಚಿಕ್ಕಮ್ಮ, ಸಂತೆಗೂ ಚಿಕ್ಕಮ್ಮ. ಕೊನೆಗೆ ಚಿಕ್ಕಪ್ಪ ಕ್ಷೌರಕ್ಕೆ ಹೋದರೂ ಅಂಗಡಿಯ ಮುಂದೆ ಸ್ಕೂಟರಿನ ಮೇಲೆ ಚಿಕ್ಕಮ್ಮ! ಹೋಗಿ ಬರುವ ಹೆಂಗಸರೆಲ್ಲ ನಿಂತು ಮಾತಾಡಿಸುತ್ತಿದ್ದರು. ಒಂದು ದಿನ ಒಳಗೆ ಕನ್ನಡಿಯ ಮುಂದೆ ಕೂತಿದ್ದ ಚಿಕ್ಕಪ್ಪನಿಗೆ ಹೊರಗಿನಿಂದ ಚಿಕ್ಕಮ್ಮನ ನಗು ಕೇಳಿಸಿತಂತೆ. ತಟ್ಟನೆ ತಲೆ ತಿರುಗಿಸಿದರು, ಅರ್ಧ ಮೀಸೆ ಹೋಯಿತು. ಉಳಿದರ್ಧವನ್ನೂ ತೆಗೆಸಿ, ಖುಷಿಯಾಗಿಯೇ ಮನೆಗೆ ಬಂದರು.

ವರ್ಷ ತುಂಬುತ್ತ ಬಂದಿರಬೇಕು, ಒಮ್ಮೆ ಸಾಬರ ಗ್ಯಾರೇಜಿನಲ್ಲಿ ಕೂತಿದ್ದಾಗ ಆ ಕೆಟ್ಟ ಚೋಕಿನ ಮಾತು ಬಂತು. ಸಾಬರು ನಕ್ಕರು. "ಅರೆ ಮೇಷ್ಟ್ರೇ, ಅದು ಎಲ್ಲಿ ಕೆಟ್ಟಿತ್ತು? ಹೊಸಾದು ಇದ್ದಂಗಿತ್ತು. ನಾನೂ ಹೇಳ್ದೆ. 'ಬಾಯ್ಮುಚ್ಕೊಂಡು ಬಿಚ್ಚಪ್ಪಾ' ಅಂದ್ರು."

ಓಡುತ್ತಲೇ ಮನೆಗೆ ಬಂದೆ. ಚಿಕ್ಕಮ್ಮ ನನ್ನ ಮುಂದೆ ಕಾಫಿ ಲೋಟ ಇಟ್ಟರು, ಬಲಗೈಯಲ್ಲಿ. ವಿಷಯ ಹೇಳಿದೆ.

"ಗೊತ್ತು ಕಣಪ್ಪಾ" ಎಂದರು. "ಬಲಗೈಲಿ ಎಳೆದ ಮೊದಲ್ನೇ ದಿನಾನೇ ಗೊತ್ತಾಯ್ತು. ಎಂಜಿನ್ ನಿಂತೋದ್ರೆ ಅವರು ಎಂಜಿನ್ ನೋಡ್ತಿರ್ಲಿಲ್ಲ, ನನ್ನ ಬೆರಳು ನೋಡ್ತಿದ್ರು. ಅವರಿಗೆ ಸುಳ್ಳು ಹೇಳೋಕೇ ಬರಲ್ಲ. ಅಷ್ಟು ಕಷ್ಟಪಟ್ಟು ಹೇಳಿದ್ದಾರಲ್ಲ ಅಂತ ನಾನೂ ಎಳೆದೆ."

ತಲೆ ಕೆಟ್ಟವರೆಂದು ನಾನು ಊರೆಲ್ಲ ಹೇಳಿಕೊಂಡು ನಕ್ಕಿದ್ದು ಈ ಚಿಕ್ಕಪ್ಪನನ್ನೇ ಅಲ್ಲವೇ? ನಾಚಿಕೆಯಾಯಿತು. ಕಣ್ಣೂ ತುಂಬಿ ಬಂತು.

ಅಷ್ಟರಲ್ಲಿ ಬಾಗಿಲಿನಿಂದ ಚಿಕ್ಕಪ್ಪನ ಕೂಗು: "ಲೇ, ಬಾರೇ ಬೇಗ, ಸ್ಟಾರ್ಟ್ ಆಗ್ತಿಲ್ಲ!"

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಬಂದೆ ಇರ್ರೀ. ನಾನಿಲ್ದೆ ನಿಮ್ಮ ಕೈಲಿ ಏನಾಗುತ್ತೆ?"