ಯಗಟಿ ಬಸ್ಸೂ ನಮ್ಮ ಸಿನಿಮಾ ಕ್ಲಾಸೂ

ಸಿನಿಮಾ ನೋಡಿ ತೆಪ್ಪಗೆ ಮನೆಗೆ ಹೋಗೋದು ಅನ್ನೋದೊಂದು ಬಿಟ್ಟು, ನಮ್ಮ ಕ್ಲಾಸಿನಲ್ಲಿ ಮಿಕ್ಕಿದ್ದೆಲ್ಲಾ ಆಗುತ್ತೆ.

ಕಡೂರು ಬಸ್ ಸ್ಟ್ಯಾಂಡ್ ಎದುರಿನ ಒಂದು ಭವನದ ಮಹಡಿ ಮೇಲೆ ಶನಿವಾರ ಸಂಜೆ ದೊಡ್ಡವರಿಗೆ ಸಿನಿಮಾ ಪಾಠ. ಪಾಠ ಮಾಡೋರು ತರೀಕೆರೆಯಿಂದ ಬರೋ ಕಾಲೇಜು ಮೇಷ್ಟ್ರು. ಕಲಿಯೋರು ನಮ್ಮಂಥವರು. ನಾನು ಬ್ಲೌಸ್ ಹೊಲಿಯೋಳು. "ಈ ವಯಸ್ಸಿಗೆ ಇವಳಿಗೆ ಇದೆಲ್ಲಾ ಬೇಕಾ?" ಅಂತ ಬೀದಿಯವರು ಆಡ್ಕೊಂಡ್ರು. ಬೇಕು ಕಣ್ರೀ. ನಮ್ಮನೇಲಿ ಟೀವಿ ರಿಮೋಟು ಯಾವತ್ತೂ ನನ್ನ ಕೈಗೆ ಬಂದಿದ್ದಿಲ್ಲ. ಇಲ್ಲಿ ಮೇಷ್ಟ್ರು ಸಿನಿಮಾ ನಿಲ್ಲಿಸಿ, "ನಿಮಗೇನನ್ನಿಸ್ತು, ಹೇಳಿ" ಅಂತಾರೆ. ಹಂಗೆ ನನ್ನನ್ನ ಅದುವರೆಗೂ ಯಾರೂ ಕೇಳಿರಲಿಲ್ಲ. ಕೇಳೋರು ಸಿಕ್ಕಿದ ಮೇಲೆ ಬಿಡೋ ಪೈಕಿ ಅಲ್ಲ ನಾನು.

ಟೀ ಬಂದ ಹೊತ್ತು

ಶುರುವಿನ ದಿನಗಳ ಮಾತು. ಸಿನಿಮಾದಲ್ಲಿ ಮನೆ ಯಜಮಾನ ತೀರಿಕೊಂಡಿದ್ದ, ಹೆಣ ನಡುಮನೆಯಲ್ಲಿತ್ತು. ಅಷ್ಟರಲ್ಲಿ ಟೀ ಬಂತು. ಮೇಷ್ಟ್ರು ಸಿನಿಮಾನ ಅಲ್ಲೇ ನಿಲ್ಲಿಸಿ "ಕುಡೀರಿ" ಅಂದ್ರು. ಒಬ್ಬರೂ ಲೋಟ ಮುಟ್ಟಲಿಲ್ಲ.

"ಯಾಕೆ, ಸಕ್ಕರೆ ಕಮ್ಮಿ ಆಯ್ತಾ?"

ಅಜ್ಜಂಪುರದಿಂದ ಬರೋ ಒಬ್ಬರು ಅಮ್ಮ ಸೆರಗು ಹೊದ್ದುಕೊಂಡು, "ಹೆಣ ಮನೇಲಿಟ್ಕೊಂಡು ಯಾರಾದ್ರೂ ಬಾಯಿಗೆ ಏನಾದ್ರೂ ಹಾಕ್ತಾರಾ ಮೇಷ್ಟ್ರೇ? ಮೊದಲು ಎತ್ತಿಸಿ" ಅಂದ್ರು.

"ಅದು ನಟನೆ ಅಮ್ಮ. ಆ ನಟರು ಗುಂಡುಕಲ್ಲಿನ ಹಂಗಿದಾರೆ."

"ಅವರು ನೂರ್ಕಾಲ ಇರ್ಲಿ. ಇಲ್ಲಿ ಕಣ್ಣೆದುರಿಗೆ ಮಲಗಿದಾರಲ್ಲ."

ಮೇಷ್ಟ್ರು ಸಿನಿಮಾ ಓಡಿಸಿ ಮಣ್ಣು ಮಾಡೋವರೆಗೂ ತಂದ್ರು. ಆಮೇಲೆ ತಣ್ಣಗಾದ ಟೀ ಕುಡಿದ್ವಿ.

ಅವತ್ತಿಂದ ಮೇಷ್ಟ್ರು ಮುಂಚೇನೇ ಸಿನಿಮಾ ನೋಡ್ಕೊಂಡು, ಸಾವು ಬರೋದಕ್ಕೆ ಮೊದಲೇ ಟೀ ತರಿಸ್ತಾರೆ. ಅದು ಇನ್ನೊಂದು ಫಜೀತಿಗಿಟ್ಟುಕೊಂಡಿತು. ಟೀ ಸ್ವಲ್ಪ ಬೇಗ ಬಂದ್ರೆ ಸಾಕು, ಎಲ್ಲರೂ ಲೋಟ ಹಿಡ್ಕೊಂಡು ಪರದೆ ಮೇಲಿನವರನ್ನ ಒಬ್ಬೊಬ್ಬರಾಗಿ ನೋಡಿ, "ಈ ಸಲ ಯಾರ ಸರದಿಯೋ ಪಾಪ" ಅಂತೀವಿ.

ಗೋಡೆ ಕಡೆ ಮುಖ

ಇನ್ನೊಂದು ಸಿನಿಮಾದಲ್ಲಿ ಗಂಡ ಹೆಂಡತಿ ಕೆನ್ನೆಗೆ ಬಾರಿಸಿದ. ಅದೂ ನೆಂಟರೆಲ್ಲರ ಮುಂದೆ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ. ಮೇಷ್ಟ್ರು ನಿಲ್ಲಿಸಿ ಕೇಳಿದ್ರು: "ಇಲ್ಲಿ ನಿರ್ದೇಶಕ ಏನು ಹೇಳ್ತಿದಾನೆ?"

ನನಗೆ ಮೈಯೆಲ್ಲಾ ಉರಿದುಹೋಗಿತ್ತು. "ಅವನೇನಾದ್ರೂ ಹೇಳ್ಕೊಳ್ಲಿ. ಇವನು ತಪ್ಪಾಯ್ತು ಅನ್ನೋವರೆಗೂ ಇವನ ಮುಖ ನಾನು ನೋಡಲ್ಲ" ಅಂತ ಕುರ್ಚಿ ಎತ್ತಿ ಗೋಡೆ ಕಡೆ ತಿರುಗಿಸ್ಕೊಂಡೆ. ಅಜ್ಜಂಪುರದಮ್ಮನೂ ತಿರುಗಿದ್ರು. ಯಗಟಿಯಿಂದ ಬರೋ, ಕುರಿ ಸಾಕೋ ಅಜ್ಜ ಒಂದಿದೆ. ಅದೂ ತಿರುಗಿತು. ನೋಡ್ತಾ ನೋಡ್ತಾ ಇಡೀ ಕ್ಲಾಸು ಗೋಡೆಗೆ ಮುಖ.

"ಕೊನೇಲಿ ಕ್ಷಮೆ ಕೇಳ್ತಾನೆ ಕಣ್ರೀ" ಅಂದ್ರು ಮೇಷ್ಟ್ರು.

"ಕೇಳಿದಾಗ ತಿರುಗ್ತೀವಿ."

ಮಿಕ್ಕ ಸಿನಿಮಾನ ಸುಣ್ಣದ ಗೋಡೆ ನೋಡ್ಕೊಂಡು ಕೇಳಿಸ್ಕೊಂಡ್ವಿ. ಕೊನೆಗೆ ಮೇಷ್ಟ್ರು, "ಈಗ ಕೇಳ್ತಿದಾನೆ, ತಿರುಗಿ" ಅಂದ್ರು. ಆ ಆಸಾಮಿ ಗೊಣಗಿದ್ದು ನಮಗೆ ಕೇಳಿಸ್ಲೇ ಇಲ್ಲ.

"ಹೊಡೆದಿದ್ದು ನೆಂಟರೆಲ್ಲರ ಮುಂದೆ, ಕ್ಷಮೆ ಮಾತ್ರ ಪಿಸಪಿಸನಾ? ಜೋರಾಗಿ ಕೇಳಕ್ಕೆ ಹೇಳಿ" ಅಂದೆ.

ಪಾಪ ಮೇಷ್ಟ್ರು ಹಿಂದಕ್ಕೆ ತಂದು, ಸೌಂಡು ಪೂರ್ತಿ ಏರಿಸಿ ಹಾಕಿದ್ರು. "ತಪ್ಪಾಯ್ತು ಕಣೇ, ನನ್ನ ಕ್ಷಮಿಸು" ಅನ್ನೋದು ಬಸ್ ಸ್ಟ್ಯಾಂಡಿಗೆಲ್ಲಾ ಕೇಳಿಸ್ತು. ಕೆಳಗೆ ಬಸ್ಸಿಗೆ ಕಾಯ್ತಿದ್ದ ಹೆಂಗಸರೆಲ್ಲಾ ಪಕ್ಕದಲ್ಲಿದ್ದ ಗಂಡಂದಿರನ್ನ ತಿರುಗಿ ನೋಡಿದ್ರಂತೆ.

ಬೀಗ

ಆ ಗಂಡಂದಿರಲ್ಲಿ ನಮ್ಮ ಭವನದ ಅಧ್ಯಕ್ಷರೂ ಒಬ್ಬರು. ಮುಂದಿನ ಶನಿವಾರ ಕೈಯಲ್ಲಿ ಹೊಸ ಬೀಗ ಹಿಡ್ಕೊಂಡೇ ಮಹಡಿ ಹತ್ತಿದ್ರು. "ಇವತ್ತೇ ಕೊನೆ. ದೊಡ್ಡವರಿಗೆ ಸಿನಿಮಾ ಪಾಠವಂತೆ! ಮುಗಿಯೋವರೆಗೂ ಕೂತಿದ್ದು ಬೀಗ ಹಾಕ್ಕೊಂಡು ಹೋಗ್ತೀನಿ."

"ಕೂತ್ಕೊಳ್ಳಿ. ಆದ್ರೆ ನಾವು ಮೆಟ್ಟಿಲ ಮೇಲಾದ್ರೂ ಕ್ಲಾಸು ಮಾಡ್ತೀವಿ" ಅಂದೆ. ಧೈರ್ಯ ಬಾಯಲ್ಲಿ ಮಾತ್ರ. ಮೆಟ್ಟಿಲ ಮೇಲೆ ಪರದೆ ಎಲ್ಲಿ ಕಟ್ಟೋದು?

ಸಿನಿಮಾ ಶುರುವಾಯ್ತು. ಅಧ್ಯಕ್ಷರು ಮೊದಲು ಬಾಗಿಲ ಹತ್ರ ಇದ್ರು, ಆಮೇಲೆ ನಡುವಿನ ಸಾಲಿಗೆ ಬಂದ್ರು, ಆಮೇಲೆ ನನ್ನ ಪಕ್ಕಕ್ಕೆ. ಸಿನಿಮಾದಲ್ಲಿ ಮನೆ ಬಿಟ್ಟು ಹೋದ ಮಗಳು ವಾಪಸ್ ಬರ್ತಾಳೋ ಇಲ್ವೋ ಅನ್ನೋ ಹೊತ್ತಿಗೆ ಯಗಟಿ ಅಜ್ಜ ಕಂಬಳಿ ಹೆಗಲಿಗೆ ಹಾಕ್ಕೊಂಡು ಎದ್ದು ಹೋಯ್ತು. ಮೇಷ್ಟ್ರು ಸಿನಿಮಾ ನಿಲ್ಲಿಸಿದ್ರು.

"ಯಾಕ್ರೀ ನಿಲ್ಸಿದ್ರಿ?" ಅಂದ್ರು ಅಧ್ಯಕ್ಷರು.

"ಯಗಟಿ ಕಡೆ ಕೊನೇ ಬಸ್ಸಿನ ಹೊತ್ತು. ಅಜ್ಜನ್ನ ಬಿಟ್ಟು ನಾವು ಕೊನೆ ನೋಡಲ್ಲ. ಮಿಕ್ಕಿದ್ದು ಮುಂದಿನ ವಾರ. ನೀವು ಬೀಗ ಹಾಕಿ" ಅಂದೆ.

ಅಧ್ಯಕ್ಷರು ಕಿಟಕಿಗೆ ಓಡಿದ್ರು. "ಲೇ ಕಂಡಕ್ಟರ್, ಬಸ್ ನಿಲ್ಸೋ! ಅಜ್ಜ, ಮೇಲಕ್ಕೆ ಬಾ!"

"ಕಿಟಕಿ ಸೀಟು ಸಿಕ್ಕೈತೆ, ನಾ ಬರಲ್ಲ. ನೀವು ನೋಡ್ಕಳಿ" ಅಂತು ಅಜ್ಜ.

ಅಜ್ಜನೇ ಹಂಗಂದ ಮೇಲೆ ಮೇಷ್ಟ್ರು ಸಿನಿಮಾ ಮತ್ತೆ ಓಡಿಸಿದ್ರು. ಬಸ್ ಯಾಕೆ ನಿಲ್ಸೋದು ಅಂತ ಜಗಳ ಆಡಕ್ಕೆ ಕಂಡಕ್ಟರ್ ಮೇಲೆ ಬಂದ. ಪರದೆ ನೋಡಿ ಅಲ್ಲೇ ನಿಂತ. ಅವನನ್ನ ಕರೆಯಕ್ಕೆ ಡ್ರೈವರ್ ಬಂದ, ಡ್ರೈವರ್‌ನ ಹುಡುಕ್ಕೊಂಡು ಪ್ರಯಾಣಿಕರೂ ಬಂದ್ರು. ಎಲ್ಲರೂ ಕೊನೆ ನೋಡಿದ್ರು. ಖಾಲಿ ಬಸ್ಸಿನಲ್ಲಿ ಅಜ್ಜ ಒಂದೇ ಕೂತಿತ್ತು.

"ಬೀಗ?" ಅಂತ ಕೇಳಿದೆ. ಅಧ್ಯಕ್ಷರು ಕಣ್ಣೊರೆಸ್ಕೊಂಡು, "ಅಜ್ಜ ಕೊನೆ ನೋಡಿಲ್ವಲ್ಲಮ್ಮ. ಅದು ನೋಡೋವರೆಗೂ ನಡೀಲಿ" ಅಂದ್ರು. ಕಂಡಕ್ಟರ್, "ದಾರೀಲಿ ಯಾರಾದ್ರೂ ಅಜ್ಜನಿಗೆ ಕತೆ ಹೇಳಿದ್ರೆ ಇಳಿಸಿಬಿಡ್ತೀನಿ" ಅಂತ ಎಲ್ಲರನ್ನೂ ಗದರಿಸ್ಕೊಂಡು ಹೋದ.

ಅದಾಗಿ ಎಷ್ಟೋ ಶನಿವಾರ ಆಯ್ತು. ಅಜ್ಜ ಇನ್ನೂ ಆ ಕೊನೆ ನೋಡಿಲ್ಲ. ಮೊದಲು ಅದನ್ನ ಹಾಕ್ತೀವಿ ಅಂದ್ರೆ ತಡವಾಗಿ ಬರುತ್ತೆ, ಕೊನೇಲಿ ಹಾಕ್ತೀವಿ ಅಂದ್ರೆ ಬೇಗ ಎದ್ದು ಹೋಗುತ್ತೆ. ಒಂದಿನ ನನಗೆ ಸಿಟ್ಟು ಬಂದು ಬಸ್ಸಿನ ಹತ್ರಾನೇ ಹೋಗಿ, "ಒಂದ್ಸಲ ಕೂತು ನೋಡಿದ್ರೆ ನಿನ್ನ ಗಂಟೇನು ಹೋಗುತ್ತಜ್ಜ?" ಅಂದೆ.

ಅಜ್ಜ ಆ ಕಡೆ ಈ ಕಡೆ ನೋಡಿ, ಕಿಟಕಿಯಿಂದ ಬಗ್ಗಿ ಮೆಲ್ಲಗೆ ಅಂತು: "ಕೊನೇಲಿ ಏನಾಯ್ತು ಅಂತ ಆ ಕಂಡಕ್ಟರ್ ಅವತ್ತೇ ಹೇಳ್ಬಿಟ್ಟ ಕಣವ್ವ. ನಾನು ನೋಡ್ಬಿಟ್ಟೆ ಅಂದ್ರೆ ಅಧ್ಯಕ್ಷರು ಬೀಗ ಹಾಕಲ್ವಾ?"