ಇಲ್ಲದ ಕಂಬದ ಕೇಸು

ನಮ್ಮ ಕಾಕಾನಿಗೆ ಈ ಜಗತ್ತಿನಲ್ಲಿ ಒಬ್ಬನೇ ವೈರಿ. ಆ ವೈರಿ ಬೈಯುವುದಿಲ್ಲ, ಬದು ಒತ್ತುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ. ಆದರೂ ನಮ್ಮ ಮನೆತನದ ನೆಮ್ಮದಿ ತಿಂದು ಮುಗಿಸಿದವನು ಅವನೇ. ಯಾರಂತೀರಿ? ಒಂದು ಸಿಮೆಂಟಿನ ಕರೆಂಟು ಕಂಬ!

ತೆಲಸಂಗದ ನಮ್ಮ ಹೊಲದಲ್ಲಿ, ರಸ್ತೆಯ ಮಗ್ಗುಲಿಗೆ, ಕಾಕಾ ಎರಡು ಖೋಲಿಯ ಮನೆ ಕಟ್ಟಬೇಕೆಂದಿದ್ದ. ಆ ಜಾಗದ ನಟ್ಟನಡುವೆ ಈ ಕಂಬ. ಲೈನು ರಸ್ತೆಯ ಆಚೆಗೆ ಹೋಗಿ ವರ್ಷಗಳೇ ಆಗಿವೆ. ಕರೆಂಟಿನ ತಂತಿ ಬಿಚ್ಚಿಕೊಂಡು ಹೋದವರು ಕಂಬವನ್ನೂ, ಅದು ವಾಲದಂತೆ ನೆಲಕ್ಕೆ ಬಿಗಿದಿದ್ದ ಸ್ಟೇ ತಂತಿಯನ್ನೂ ಹಾಗೇ ಬಿಟ್ಟುಹೋದರು.

ಕಾಕಾ ಕರೆಂಟಿನ ಆಫೀಸಿಗೆ ಹೋದರೆ, ಅಂಥ ಕಂಬ ನಮ್ಮ ದಾಖಲೆಯಲ್ಲೇ ಇಲ್ಲ ಎಂದರು. ಹಾಗಾದರೆ ನಾನೇ ಕೀಳುತ್ತೇನೆಂದು ಬರೆದುಕೊಟ್ಟು ಬಂದ. ಬೆನ್ನಿಗೇ ನೋಟಿಸು: ಸರಕಾರಿ ಆಸ್ತಿ, ಮುಟ್ಟಕೂಡದು. ಇಲ್ಲದ ಕಂಬವನ್ನು ಮುಟ್ಟುವುದಾದರೂ ಹೇಗೆ? ಅದನ್ನು ಕೇಳಲೆಂದೇ ಕಾಕಾ ಅಥಣಿ ಕೋರ್ಟಿಗೆ ಹೋದ.

ಅಲ್ಲಿಂದ ಮುಂದೆ ನಮ್ಮ ಗತಿ ಕೇಳಬೇಡಿ. ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಕಂಬದ ದರ್ಶನ. ನನ್ನ ತಂಗಿಯನ್ನು ನೋಡಲು ಬಂದವರಲ್ಲಿ ಒಬ್ಬರು ವಕೀಲರೆಂದು ತಿಳಿದದ್ದೇ ತಡ, ಕಾಕಾ ಅವರನ್ನು ಉರಿಬಿಸಿಲಲ್ಲಿ ಹೊಲಕ್ಕೆ ನಡೆಸಿಕೊಂಡು ಹೋದ. ಉಳಿದವರು ಹುಡುಗಿಯನ್ನು ನೋಡಿ, ಅವಲಕ್ಕಿ ತಿಂದು, ವಕೀಲರ ದಾರಿ ಕಾದು ಕಾದು ಬೇಸತ್ತರು. ಹುಡುಗಿ ಚೆಂದ ಇದ್ದಾಳೆ, ಕಂಬದ್ದೇ ಅಂಜಿಕೆ ಎಂದು ಆಮೇಲೆ ಹೇಳಿ ಕಳಿಸಿದರು.

ಕೋರ್ಟಿನಲ್ಲಿ ಒಮ್ಮೆ ವಕೀಲರಿಲ್ಲ, ಒಮ್ಮೆ ಸಾಹೇಬರಿಗೆ ವರ್ಗ. ನಡುವೆ ಎದುರು ಪಕ್ಷದವರು ಕಂಬ ಕೀಳದಂತೆ ಸ್ಟೇ ತಂದರು. ಆ ದಿನ ಬಸ್ಸಿಳಿದು ಬಂದ ಕಾಕಾ ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತುಬಿಟ್ಟ. ಏನಾಯಿತೆಂದು ಕೇಳಿದೆ.

"ಕಂಬಕ್ಕ ಮೊದಲ ಒಂದ ಸ್ಟೇ ಇತ್ತು. ಈಗ ಎರಡಾದವು."

ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

ಹೋದ ಸುಗ್ಗಿಯಲ್ಲಿ ತೀರ್ಪು ಬಂತು. ಕಾಕಾ ಗೆದ್ದಿದ್ದ! ಓಣಿಗೆಲ್ಲ ಪೇಢೆ ಹಂಚಿದ. ಆದೇಶ ಹಿಡಿದುಕೊಂಡು ಆಫೀಸಿಗೆ ಹೋದರೆ, ಮೇಲಿನ ಕೋರ್ಟಿಗೆ ಹೋಗಿದ್ದೇವೆ ಎಂದರಂತೆ. ಕಾಕಾ ಮನೆಗೆ ಬರದೆ ನೇರ ಹೊಲಕ್ಕೆ ಹೋಗಿ ಕೂತ.

ನಾನೂ ಕಾಕಿಯೂ ಹುಡುಕಿಕೊಂಡು ಹೋದೆವು. ಕೇಸಿನ ಹೆಸರೆತ್ತಿದರೆ ಸಿಡಿಯುತ್ತಿದ್ದ ಕಾಕಿ ಅಂದು ಬೈಯಲಿಲ್ಲ. ಮನೆಯಿಂದ ತಂದಿದ್ದ ಸುಣ್ಣದ ಪುಡಿಯಿಂದ ಕಂಬವನ್ನು ಒಳಗಿಟ್ಟೇ ಮನೆಯ ಗೆರೆ ಎಳೆದಳು. ಬಾಗಿದವಳು ಮತ್ತೆ ನೆಟ್ಟಗಾಗಲು ಕಂಬವನ್ನೇ ಹಿಡಿದಳು.

"ಕೀಳಬ್ಯಾಡ ಅಂದಾರ, ಸುತ್ತ ಕಟ್ಟಬ್ಯಾಡ ಅಂದಿಲ್ಲ. ಪಡಸಾಲ್ಯಾಗ ಇರ್ಲಿ ಬಿಡ್ರಿ. ಮೊಣಕಾಲ ನೋಯ್ತಾವ, ನನಗ ಏಳಾಕ ಆಸರಾ ಆಕ್ಕೈತಿ."

ಕಾಕಾ ಅವಳನ್ನೇ ನೋಡಿದ. "ಮೊಣಕಾಲ ನೋಯ್ತಾವ ಅಂತ ಮೊದಲ ಹೇಳಬಾರದೇನ?"

"ಹೇಳಬೇಕಂದಾಗೆಲ್ಲ ನೀವು ತಾರೀಖಿಗೆ ಹೋಗಿರ್ತಿದ್ರಿ."

ಕಾಕಾ ಎದ್ದು ಬಂದು ತೋಳು ಚಾಚಿದ. ಕಾಕಿ ಕಂಬ ಬಿಟ್ಟು ಅದನ್ನು ಹಿಡಿದಳು. ಊರು ಮುಟ್ಟುವ ತನಕ ಇಬ್ಬರೂ ಮೆಲ್ಲಗೆ ನಡೆದರು. ನಾನು ಬೇಕೆಂದೇ ಹಿಂದೆ ಉಳಿದೆ.