ಬೆನ್ನು ತೋರಿಸಿ ಬದುಕಿಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕ ಹಿರೊನಾಕಾ ಸೇಗೊ ಅವರ ಸನ್ನಿಧಿಗೆ,

ಮಾನ್ಯರೇ, ಕ್ಯೋಟೋದಲ್ಲಿ ಪ್ಲಮ್ ಹೂಗಳು ಅರಳಿ, ಊರಿನವರ ಮೂಗುಗಳೆಲ್ಲ ಸೋರತೊಡಗಿರುವ ಈ ಶುಭ ಋತುವಿನಲ್ಲಿ ತಾವು ಸಕುಟುಂಬ ಕ್ಷೇಮವೆಂದು ನಂಬಿದ್ದೇನೆ. ಇದನ್ನು ಓದುವಾಗ ಹೊತ್ತು ಎಷ್ಟೇ ಆಗಿರಲಿ, ನಮ್ಮ ಸ್ಟುಡಿಯೋದ ಪದ್ಧತಿಯಂತೆ ಶುಭೋದಯ. ನಾನು ನೆಮೊತೊ ಹೇಸುಕೆ. ಮುಖ ನೆನಪಾಗದಿದ್ದರೆ ಕಣ್ಣು ಮುಚ್ಚಿದ ಮುಖವನ್ನು ನೆನೆಸಿಕೊಳ್ಳಿ; ತಮ್ಮ ನಾಟಕಗಳ ಖಾಯಂ ಹೆಣ ನಾನೇ. ತಮ್ಮ ಮನೆಗೆ ಬರೆದ ಪತ್ರಗಳಿಗೆ ಉತ್ತರ ಬಾರದ್ದರಿಂದ ಪತ್ರಿಕೆಯ ಮೂಲಕ ತೊಂದರೆ ಕೊಡುತ್ತಿದ್ದೇನೆ.

ತಾವು ಟಿವಿಗೆ ಶುಕ್ರವಾರದ ಪತ್ತೇದಾರಿ ನಾಟಕಗಳನ್ನು ಮಾಡುತ್ತಿದ್ದ ಕಾಲದಿಂದ ನಾನು ತಮಗಾಗಿ ಸಾಯುತ್ತ ಬಂದಿದ್ದೇನೆ. ಬಿಸಿನೀರಿನ ಬುಗ್ಗೆಯಲ್ಲಿ ತೇಲಿದ್ದೇನೆ, ಚಹಾ ಕುಡಿದು ಉರುಳಿದ್ದೇನೆ. ಕೊನೆಗೆ ಕೊಲೆಗಾರ್ತಿ ಕಡಲ ಬಂಡೆಯ ತುದಿಯಲ್ಲಿ ನಿಂತು ಅಳುತ್ತ ತಪ್ಪೊಪ್ಪಿಕೊಳ್ಳುವಾಗ ಇಡೀ ಜಪಾನಿಗೆ ಆಕೆಯ ಮೇಲೆ ಕನಿಕರ, ನನ್ನ ಮೇಲೆ ಯಾರಿಗೂ ಇಲ್ಲ. ತಾವು ಮಾತ್ರ ಹೆಗಲು ತಟ್ಟಿ, "ನೀನು ಸತ್ತಷ್ಟು ಚೆನ್ನಾಗಿ ಬದುಕಿರೋರೂ ನಟಿಸಲ್ಲ ಕಣಯ್ಯಾ" ಎಂದಿರಿ. ಆ ಹೊಗಳಿಕೆಗೆ ಉಬ್ಬಿ, ಮುಂದಿನ ಶಾಟ್‌ನಲ್ಲಿ ಹೆಣದ ಹೊಟ್ಟೆ ಆಡಿ, ತಮ್ಮಿಂದ ಬೈಗುಳವನ್ನೂ ತಿಂದೆ.

ಆದರೆ ದೂರು ನನ್ನದಲ್ಲ, ನನ್ನ ತಾಯಿಯದು. ಅಕಿತಾದಲ್ಲಿ ನನ್ನ ತಂಗಿ ಫುಸಾಯೊ ಜೊತೆ ಮೂಲಂಗಿ ಉಪ್ಪಿನಕಾಯಿಯ ಅಂಗಡಿ ನಡೆಸುವ ಆಕೆ, ನಾನು ಟಿವಿಯಲ್ಲಿ ಸತ್ತಾಗಲೆಲ್ಲ ಎದ್ದುಹೋಗಿ, ತೀರಿಕೊಂಡ ಅಪ್ಪನ ಪಟದ ಮುಂದೆ ಗಂಟೆ ಬಾರಿಸಿ, "ನಿಜವಲ್ಲ ರೀ, ಬರೀ ಟಿವಿ, ನೀವು ಗಾಬರಿ ಬೀಳ್ಬೇಡಿ" ಎಂದು ಹೇಳಿ ಬರುತ್ತಾಳೆ. ಹಿಂದಿನ ವರ್ಷ ಫೋನಿನಲ್ಲಿ, "ಹೇಸುಕೆ, ನಂಗೂ ವಯಸ್ಸಾಯ್ತು ಕಣೋ. ನಾನು ಕಣ್ಮುಚ್ಚೋದ್ರೊಳಗೆ ಒಂದ್ಸಲ ನೀನು ಕಣ್ಬಿಟ್ಟಿರೋದು ತೋರ್ಸೋ. ನಿಮ್ಮ ಯಜಮಾನ್ರಿಗೆ ಹೇಳು" ಎಂದಳು.

ಹೇಳಿದೆ. ಅಷ್ಟರಲ್ಲಿ ತಾವು ಟಿವಿ ಬಿಟ್ಟು ಸಿನಿಮಾ ಸೇರಿ, ಪರದೇಶದ ಉತ್ಸವಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುವಷ್ಟು ದೊಡ್ಡವರಾಗಿದ್ದಿರಿ. ಒಂದು ಮೋಡ ಸರಿಯಾದ ಜಾಗಕ್ಕೆ ಬರಲೆಂದು ತಾವು ಕಾಯುವಾಗ ನಮ್ಮೆಲ್ಲರ ಊಟದ ಡಬ್ಬಿಗಳು ತಣ್ಣಗಾಗುತ್ತಿದ್ದವು. ಕಲೆಗಾಗಿ ಅಷ್ಟು ತಣ್ಣನೆಯ ಅನ್ನ ತಿಂದ ಪುಣ್ಯ ನಮ್ಮದು. ಆದರೂ ತಾವು ಕೃಪೆಯಿಟ್ಟು ನನಗೆ ಬದುಕಿರುವ ಪಾತ್ರ ಕೊಟ್ಟಿರಿ: ಅಂಗಡಿಯಲ್ಲಿ ಕುಳಿತು ಸೋಬಾ ನೂಡಲ್ಸ್ ತಿನ್ನುವವನು. ಬೋಗುಣಿಯ ಮೇಲೆ ಬೋಗುಣಿ ಖಾಲಿ ಮಾಡುತ್ತ, ಕ್ಯಾಮೆರಾ ಎಲ್ಲಿದೆಯೆಂದು ತಿರುಗಿಯೂ ನೋಡದೆ, ಅಮ್ಮನನ್ನು ನೆನೆದು, ಮುಖದಲ್ಲಿ ಸಾಧ್ಯವಿದ್ದಷ್ಟೂ ಜೀವ ತುಂಬಿದೆ.

ಅಮ್ಮ ಪೆಟ್ಟಿಗೆಯಲ್ಲಿದ್ದ ಕಿಮೋನೋ ತೆಗೆದುಟ್ಟು, ನೆರೆಹೊರೆಯವರನ್ನೆಲ್ಲ ಕಟ್ಟಿಕೊಂಡು ಚಿತ್ರಮಂದಿರಕ್ಕೆ ಹೋದಳು. ಪರದೆಯ ಮೇಲೆ ನನ್ನ ಬೆನ್ನು. ನೂಡಲ್ಸ್ ಮುಗಿಯಿತು, ಹಬೆ ಆರಿತು, ಅಮ್ಮನ ಜೊತೆ ಬಂದಿದ್ದ ಮೀನಂಗಡಿಯ ಮುದುಕ ಗೊರಕೆ ಹೊಡೆದ, ಬೆನ್ನು ಮಾತ್ರ ಕದಲಲಿಲ್ಲ. ಮುಖ ಸುಳ್ಳು ಹೇಳುತ್ತದೆ, ಬೆನ್ನು ಹೇಳುವುದಿಲ್ಲ ಎಂಬ ತಮ್ಮ ಹೊಸ ಶೈಲಿಯ ಸಿದ್ಧಾಂತ ನಮಗೆ ಗೊತ್ತಿರಲಿಲ್ಲ. ಫುಸಾಯೊ ಫೋನ್ ಮಾಡಿ, "ಅಣ್ಣಾ, ಪರದೆ ಹಿಂದ್ಗಡೆ ಹೋದ್ರೆ ಮುಖ ಕಾಣತ್ತಾ ಅಂತ ಅಮ್ಮ ಟಿಕೆಟಿನವರ ಹತ್ರ ಕೇಳ್ತಿದ್ದಾಳೆ" ಎಂದಳು. ನಗಬೇಕೆಂದುಕೊಂಡೆ, ಆಗಲಿಲ್ಲ.

ಆದ್ದರಿಂದ ಆ ಚಿತ್ರವನ್ನು ಇನ್ನೊಂದು ಬದಿಯಿಂದ ಮತ್ತೆ ತೆಗೆಯಬೇಕೆಂದೂ, ಅದೇ ಮೋಡವನ್ನು ವಾಪಸು ಕರೆಸಬೇಕೆಂದೂ ಮೊದಲು ಬೇಡಿಕೊಳ್ಳುತ್ತೇನೆ. ಅದು ಕಷ್ಟವಾದರೆ ಸುಲಭದ ದಾರಿಯೊಂದಿದೆ. ಸತ್ತವನ ಪಾತ್ರ ಮಾಡಿದವನು ಕ್ಯಾಮೆರಾ ನಿಲ್ಲುವ ಮುನ್ನ ಎದ್ದು ಕುಳಿತು, ಅದರ ಕಣ್ಣಿಗೆ ಕಣ್ಣಿಟ್ಟು ನಗಬೇಕು, ಇಲ್ಲದಿದ್ದರೆ ಸಾವು ಮೈಗಂಟುತ್ತದೆ ಎಂಬುದು ನಮ್ಮ ಸ್ಟುಡಿಯೋದ ಹಳೆಯ ಪದ್ಧತಿ. ನಾನು ಸತ್ತಷ್ಟು ಸಲವೂ ನಕ್ಕಿದ್ದೇನೆ. ಕತ್ತರಿಸಿ ಪಕ್ಕಕ್ಕಿಟ್ಟ ಆ ನಗುಗಳೆಲ್ಲ ತಮ್ಮ ಉಗ್ರಾಣದಲ್ಲಿ ಬಿದ್ದಿವೆ. ಅವನ್ನು ಒಂದಕ್ಕೊಂದು ಅಂಟಿಸಿ ಅಕಿತಾಗೆ ಕಳಿಸಿಕೊಡಿ. ಕಥೆ ಬೇಡ, ಸಂಗೀತ ಬೇಡ. ಅಮ್ಮ ಬದುಕಿರುವಾಗಲೇ ಕಳಿಸಿ, ಅಷ್ಟೇ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಜೀವಂತನಾದ
ನೆಮೊತೊ ಹೇಸುಕೆ

ತಾ.ಕ.: ತಮ್ಮ ಕಡೆಯ ಚಿತ್ರದಲ್ಲಿ ಹೆಣದ ಪಾತ್ರ ತಾವೇ ಮಾಡುವಿರೆಂದು ಕೇಳಿ ಸಂತೋಷವಾಯಿತು. ಹೊಟ್ಟೆ ಆಡದಂತೆ ಉಸಿರು ಹಿಡಿಯುವುದನ್ನು ನಾನೇ ಬಂದು ಕಲಿಸುತ್ತೇನೆ. ಸತ್ತಾದ ಮೇಲೆ ಎದ್ದು ನಗುವುದನ್ನು ಮರೆಯಬೇಡಿ. ಕ್ಯಾಮೆರಾ ತಮ್ಮ ಬೆನ್ನ ಹಿಂದೆಯೇ ಇರುತ್ತದೆ, ಅದೊಂದು ಸಲ ದಯವಿಟ್ಟು ತಿರುಗಿ ನೋಡಿ. ತಮ್ಮ ತಾಯಿಯವರೂ ಚಿತ್ರ ನೋಡಲು ಬರುತ್ತಾರಂತೆ.